ಮತದಾರರ ಪಟ್ಟಿ ಯಾರ ಕೈಯಲ್ಲಿ? ಜಾರ್ಜಿಯಾದ ರಾಜ್ಯ ಕಾರ್ಯದರ್ಶಿ ಚುನಾವಣೆ



ಯಾರ ನೆನಪಿನಲ್ಲಿ ಈ ದತ್ತಿ ಉಪನ್ಯಾಸ ನಡೆಯುತ್ತಿದೆಯೋ ಅವರು ಕಂದಾಯ ಇಲಾಖೆಯಲ್ಲಿದ್ದವರು, ಮತದಾರರ ಪಟ್ಟಿಯ ಪರಿಷ್ಕರಣೆಯನ್ನು ಬಹಳ ಶ್ರದ್ಧೆಯಿಂದ ಮಾಡುತ್ತಿದ್ದವರು ಎಂದು ಸಂಘಟಕರು ಹೇಳಿದರು. ಆ ಮಾತು ಕೇಳಿದ ಮೇಲೆ ವಿಷಯ ಹುಡುಕುವ ಕಷ್ಟ ನನಗೆ ಉಳಿಯಲಿಲ್ಲ. ಚುನಾವಣೆಗೆ ನಿಲ್ಲುವವರ ಬಗ್ಗೆ ನಾವು ಹೊತ್ತುಗೊತ್ತಿಲ್ಲದೆ ಮಾತಾಡುತ್ತೇವೆ. ಚುನಾವಣೆ ನಡೆಸುವವರ ಬಗ್ಗೆ ಮಾತಾಡುವುದು ಕಡಿಮೆ. ಈ ದಿನ ನಾನು ಹೇಳಹೊರಟಿರುವುದು ಚುನಾವಣೆ ನಡೆಸುವವರೇ ಚುನಾವಣೆಗೆ ನಿಂತು ಗೆದ್ದುಬರುವ ಒಂದು ಹುದ್ದೆಯ ಕತೆ. ಅಮೆರಿಕದ ಜಾರ್ಜಿಯಾ ರಾಜ್ಯದ್ದು.

ಅಮೆರಿಕದಲ್ಲಿ ನಮ್ಮ ಹಾಗೆ ಇಡೀ ದೇಶಕ್ಕೆ ಒಂದು ಚುನಾವಣಾ ಆಯೋಗವಿಲ್ಲ. ಅಧ್ಯಕ್ಷರ ಆಯ್ಕೆಯಾಗಲಿ, ಊರಿನ ಶಾಲಾ ಮಂಡಳಿಯ ಆಯ್ಕೆಯಾಗಲಿ, ಮತದಾನ ನಡೆಸುವುದು ಆಯಾ ರಾಜ್ಯ, ರಾಜ್ಯದೊಳಗಿನ ಆಯಾ ಕೌಂಟಿ. ಪ್ರತಿಯೊಂದು ರಾಜ್ಯವೂ ಒಬ್ಬ ಮುಖ್ಯ ಚುನಾವಣಾ ಅಧಿಕಾರಿಯನ್ನು ಗೊತ್ತುಮಾಡಬೇಕು ಎಂದು 1993ರ ಒಕ್ಕೂಟ ಕಾನೂನು ಹೇಳಿತು. ಆ ಅಧಿಕಾರಿ ಹೇಗೆ ಬರಬೇಕು ಎಂಬುದನ್ನು ರಾಜ್ಯಗಳಿಗೇ ಬಿಟ್ಟಿತು. ಟೆಕ್ಸಾಸ್, ಪೆನ್ಸಿಲ್ವೇನಿಯಾಗಳಲ್ಲಿ ಗವರ್ನರ್ ನೇಮಿಸುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಶಾಸಕರು ಆರಿಸುತ್ತಾರೆ. ವಿಸ್ಕಾನ್ಸಿನ್‌ನಲ್ಲಿ ಎರಡೂ ಪಕ್ಷದವರಿರುವ ಆರು ಜನರ ಆಯೋಗವಿದೆ. ಆದರೆ ಬಹುತೇಕ ರಾಜ್ಯಗಳಲ್ಲಿ ‘ಸೆಕ್ರೆಟರಿ ಆಫ್ ಸ್ಟೇಟ್’ ಎಂಬ ಚುನಾಯಿತರೇ ಆ ಕೆಲಸ ಮಾಡುತ್ತಾರೆ. ಪತ್ರಿಕೆಗಳಲ್ಲಿ ನೀವು ಓದುವ ಅಮೆರಿಕದ ವಿದೇಶಾಂಗ ಸಚಿವರು ಇವರಲ್ಲ. ಇವರನ್ನು ನಾನು ರಾಜ್ಯ ಕಾರ್ಯದರ್ಶಿ ಎಂದು ಕರೆಯುತ್ತೇನೆ. ಕಂಪನಿಗಳ ನೋಂದಣಿ, ಹಲವು ವೃತ್ತಿಗಳ ಪರವಾನಗಿ, ರಾಜ್ಯದ ಮುದ್ರೆಯ ಕಾವಲು, ಇವೆಲ್ಲದರ ಜೊತೆಗೆ ಚುನಾವಣೆ. ಜಾರ್ಜಿಯಾದಲ್ಲಿ ಈ ಹುದ್ದೆಗೆ ನಾಲ್ಕು ವರ್ಷಕ್ಕೊಮ್ಮೆ ಇಡೀ ರಾಜ್ಯ ಮತ ಹಾಕುತ್ತದೆ. ಪಕ್ಷದ ಟಿಕೆಟ್ ಬೇಕು, ದೇಣಿಗೆ ಎತ್ತಬೇಕು, ಪ್ರಚಾರ ಮಾಡಬೇಕು, ಗೆದ್ದ ಮೇಲೆ ಎಲ್ಲ ಪಕ್ಷಗಳ ಚುನಾವಣೆಯನ್ನೂ ನಡೆಸಿಕೊಡಬೇಕು.

ಮುದ್ರೆಯ ಮಾತು ಬಂದದ್ದರಿಂದ ಹಳೆಯ ಪ್ರಸಂಗವೊಂದನ್ನು ಹೇಳುತ್ತೇನೆ. 1946ರ ನವೆಂಬರಿನಲ್ಲಿ ಜಾರ್ಜಿಯಾದ ಗವರ್ನರ್ ಆಗಿ ಯೂಜೀನ್ ಟಾಲ್ಮಜ್ ಗೆದ್ದರು, ಅಧಿಕಾರ ಸ್ವೀಕರಿಸುವ ಮೊದಲೇ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಮಗ ಹರ್ಮನ್ ಟಾಲ್ಮಜ್ ಪಟ್ಟಕ್ಕೆ ತಾನೇ ಹಕ್ಕುದಾರ ಎಂದರು. ಹೊಸದಾಗಿ ಆಯ್ಕೆಯಾಗಿದ್ದ ಲೆಫ್ಟಿನೆಂಟ್ ಗವರ್ನರ್ ಎಂ. ಇ. ಥಾಂಪ್ಸನ್ ತಾನು ಎಂದರು. ಇಳಿಯಬೇಕಿದ್ದ ಎಲ್ಲಿಸ್ ಆರ್ನಲ್, ತಕರಾರು ಬಗೆಹರಿಯುವವರೆಗೆ ಕುರ್ಚಿ ಬಿಡುವುದಿಲ್ಲ ಎಂದರು. ಒಂದು ರಾಜ್ಯ, ಮೂವರು ಗವರ್ನರುಗಳು. ಜನ ಮತಪತ್ರದ ಮೇಲೆ ಕೈಯಾರೆ ಬರೆದ ಹೆಸರುಗಳಲ್ಲಿ ಹೆಚ್ಚು ಮತ ಪಡೆದವರಲ್ಲೊಬ್ಬರನ್ನು ಶಾಸನಸಭೆ ಆರಿಸಬಹುದಿತ್ತು. ಹರ್ಮನ್‌ಗೆ ಮತ ಸಾಲದೆ ಬಂದಾಗ, ಟಾಲ್ಮಜ್ ಮನೆತನದ ಸ್ವಂತ ನೆಲವಾದ ಟೆಲ್‌ಫೇರ್ ಕೌಂಟಿಯಲ್ಲಿ ಇನ್ನಷ್ಟು ಮತಗಳು ‘ಸಿಕ್ಕವು’. ಅಟ್ಲಾಂಟಾದ ಪತ್ರಕರ್ತ ಜಾರ್ಜ್ ಗುಡ್ವಿನ್ ಹೋಗಿ ಪಟ್ಟಿ ತೆಗೆಸಿ ನೋಡಿದರೆ, ಸತ್ತವರ ಹೆಸರುಗಳಿದ್ದವು. ಸಾಲಾಗಿ ಹಲವರು ಅಕ್ಷರಮಾಲೆಯ ಅನುಕ್ರಮದಲ್ಲೇ ಬಂದು ಮತ ಹಾಕಿ ಹೋಗಿದ್ದರು. ಆ ವರದಿಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಆಗ ರಾಜ್ಯ ಕಾರ್ಯದರ್ಶಿಯಾಗಿದ್ದವರು ಬೆನ್ ಫೋರ್ಟ್‌ಸನ್. ಅಪಘಾತವೊಂದರಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. ರಾಜ್ಯದ ಮುದ್ರೆ ಬೀಳದೆ ಯಾವ ಗವರ್ನರನ ಆದೇಶಕ್ಕೂ ಬೆಲೆಯಿಲ್ಲ. ಫೋರ್ಟ್‌ಸನ್ ಆ ಮುದ್ರೆಯನ್ನು ಗಾಲಿಕುರ್ಚಿಯ ದಿಂಬಿನ ಕೆಳಗಿಟ್ಟು ಅದರ ಮೇಲೆಯೇ ಕುಳಿತರು. ಟಾಲ್ಮಜ್ ಕಡೆಯವರು ಗವರ್ನರ್ ಕಚೇರಿಯ ಬೀಗ ಬದಲಿಸಿದರು, ಮನೆ ಹಿಡಿದರು. ಮುದ್ರೆ ಮಾತ್ರ ಅವರಿಗೆ ಸಿಗಲಿಲ್ಲ. 1947ರ ಮಾರ್ಚಿನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಥಾಂಪ್ಸನ್ ಪರವಾಗಿ ತೀರ್ಪು ಕೊಟ್ಟಿತು. ಫೋರ್ಟ್‌ಸನ್ ಮುಂದೆ ಚುನಾವಣೆಗಳನ್ನು ಗೆಲ್ಲುತ್ತಲೇ 1979ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದರು.

ಜಾರ್ಜಿಯಾದ ಜನ ಈ ಕತೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಲಿ. ಆದರೆ ಅದೇ 1946ರ ಇನ್ನೊಂದು ಕತೆ ನನ್ನನ್ನು ಹೆಚ್ಚು ಕಾಡುತ್ತದೆ. ಕಪ್ಪು ಜನರನ್ನು ಪಕ್ಷದ ಒಳಚುನಾವಣೆಯಿಂದ ಹೊರಗಿಡುತ್ತಿದ್ದ ‘ಬಿಳಿಯರ ಪ್ರೈಮರಿ’ ಆ ಹೊತ್ತಿಗೆ ನ್ಯಾಯಾಲಯದಲ್ಲಿ ಬಿದ್ದುಹೋಗಿತ್ತು. ಕೊಲಂಬಸ್ ಎಂಬ ಊರಿನ ಪ್ರೈಮಸ್ ಕಿಂಗ್ ಎಂಬ ಕಪ್ಪು ಪಾದ್ರಿ ಮತಗಟ್ಟೆಗೆ ಹೋಗಿ, ಹೊರದಬ್ಬಿಸಿಕೊಂಡು, ಕೋರ್ಟಿಗೆ ಹೋಗಿ ಗೆದ್ದಿದ್ದರು. ಸಾವಿರಾರು ಕಪ್ಪು ಜನ ಮೊದಲ ಬಾರಿಗೆ ಹೆಸರು ನೋಂದಾಯಿಸಿದರು. ಆಗ ಟಾಲ್ಮಜ್ ಬೆಂಬಲಿಗರು ಮಾಡಿದ್ದೇನು? ದೊಣ್ಣೆಯನ್ನಷ್ಟೇ ನಂಬಿ ಕೂರಲಿಲ್ಲ. ಆಕ್ಷೇಪಣೆಯ ಫಾರಂಗಳನ್ನು ಅಚ್ಚು ಹಾಕಿಸಿ ಊರೂರಿಗೆ ಹಂಚಿದರು. ಈ ವ್ಯಕ್ತಿ ಮತದಾನಕ್ಕೆ ಅರ್ಹನಲ್ಲ ಎಂದು ತುಂಬಿ, ಹೆಸರು ಬರೆದು, ಕೌಂಟಿ ಕಚೇರಿಗೆ ಕೊಡುವುದು. ಚುನಾವಣೆಯ ದಿನ ಬರುವ ಹೊತ್ತಿಗೆ ಸಾವಿರಾರು ಹೆಸರು ಪಟ್ಟಿಯಿಂದ ಹೋಗಿದ್ದವು.

ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇಲ್ಲಿಂದಲೇ ಶುರುವಾಗುತ್ತದೆ. ಚುನಾವಣಾ ಅಧಿಕಾರಿಯ ಶಕ್ತಿ ಎಣಿಕೆಯ ರಾತ್ರಿ ಇರುವುದಲ್ಲ. ಅದು ಇರುವುದು ಪಟ್ಟಿಯಲ್ಲಿ, ಯಾರೂ ನೋಡದ ತಿಂಗಳುಗಳಲ್ಲಿ. ನೆರೆಹೊಲದವನು ರಾತ್ರೋರಾತ್ರಿ ಬದು ಒತ್ತಿದ ಹಾಗೆ, ಒಂದೊಂದು ಗೇಣು. ಬೆಳಗ್ಗೆ ಎದ್ದು ನೋಡಿದರೆ ಹೊಲ ಅಲ್ಲೇ ಇರುತ್ತದೆ, ಅಳೆದಾಗ ಗೊತ್ತಾಗುತ್ತದೆ.

ಎಪ್ಪತ್ತು ವರ್ಷ ದಾಟಿ ಬರೋಣ. 2010ರಿಂದ ಜಾರ್ಜಿಯಾದ ರಾಜ್ಯ ಕಾರ್ಯದರ್ಶಿಯಾಗಿದ್ದವರು ರಿಪಬ್ಲಿಕನ್ ಪಕ್ಷದ ಬ್ರಯನ್ ಕೆಂಪ್. 2018ರಲ್ಲಿ ಅವರು ಗವರ್ನರ್ ಹುದ್ದೆಗೆ ನಿಂತರು. ಎದುರಾಳಿ ಡೆಮಾಕ್ರಟಿಕ್ ಪಕ್ಷದ ಸ್ಟೇಸಿ ಏಬ್ರಮ್ಸ್, ಗೆದ್ದಿದ್ದರೆ ಅಮೆರಿಕದ ಯಾವುದೇ ರಾಜ್ಯದ ಮೊದಲ ಕಪ್ಪು ಮಹಿಳಾ ಗವರ್ನರ್ ಆಗುತ್ತಿದ್ದವರು. ಕೆಂಪ್ ಚುನಾವಣೆ ನಡೆಸುವ ಹುದ್ದೆಗೆ ರಾಜೀನಾಮೆ ಕೊಡಲಿಲ್ಲ. ತಾವು ಸ್ಪರ್ಧಿಸಿದ ಚುನಾವಣೆಗೆ ತಾವೇ ಮುಖ್ಯಾಧಿಕಾರಿಯಾಗಿದ್ದರು. ಕಾನೂನಿನಲ್ಲಿ ಅಡ್ಡಿಯಿರಲಿಲ್ಲ. ಮತದಾನ ನವೆಂಬರ್ 6ಕ್ಕೆ ಮುಗಿಯಿತು, ಅವರು ರಾಜೀನಾಮೆ ಕೊಟ್ಟದ್ದು 8ರಂದು. ಸುಮಾರು 55 ಸಾವಿರ ಮತಗಳ ಅಂತರದಲ್ಲಿ ಗೆದ್ದರು. ಮತದಾನಕ್ಕೆ ಎರಡೇ ದಿನ ಇರುವಾಗ, ಒಂದು ಭಾನುವಾರ, ಡೆಮಾಕ್ರಟಿಕ್ ಪಕ್ಷ ಮತದಾರರ ಜಾಲತಾಣಕ್ಕೆ ಕನ್ನ ಹಾಕಲು ಯತ್ನಿಸಿದ ಬಗ್ಗೆ ತನಿಖೆ ನಡೆಯುತ್ತಿದೆ ಎಂದು ರಾಜ್ಯ ಕಾರ್ಯದರ್ಶಿಯ ಕಚೇರಿ ಪ್ರಕಟಿಸಿತು. 2020ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿ, ಪುರಾವೆಯಿಲ್ಲವೆಂದು ಆ ಕಡತವನ್ನು ಮುಚ್ಚಿತು. ಕಡತ ಮುಚ್ಚಿದ್ದು ಪತ್ರಿಕೆಯ ಒಳಪುಟಕ್ಕೆ ಹೋಗುತ್ತದೆ. ಆ ಭಾನುವಾರದ ಪ್ರಕಟಣೆ ಮತಗಟ್ಟೆಯವರೆಗೂ ಹೋಗಿತ್ತು.

ಇನ್ನು ಪಟ್ಟಿ. 2017ರ ಜುಲೈ ತಿಂಗಳೊಂದರಲ್ಲೇ ಜಾರ್ಜಿಯಾ 5 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ತೆಗೆದುಹಾಕಿತು. ಸತ್ತವರು, ಊರು ಬಿಟ್ಟವರು ಅದರಲ್ಲಿದ್ದರು ನಿಜ, ಪಟ್ಟಿ ಶುಚಿಯಾಗಿರಲೇಬೇಕು. ಆದರೆ ಹಲವು ವರ್ಷ ಮತ ಹಾಕಲಿಲ್ಲ, ಅಂಚೆಯಲ್ಲಿ ಬಂದ ಕಾರ್ಡಿಗೆ ಉತ್ತರಿಸಲಿಲ್ಲ ಎಂಬ ಕಾರಣಕ್ಕೆ ಹೋದವರೂ ಅದರಲ್ಲಿದ್ದರು. ಇದರ ಜೊತೆಗೆ ‘ತದ್ವತ್ ಹೊಂದಿಕೆ’ ಎಂಬ ನಿಯಮ. ಅರ್ಜಿಯಲ್ಲಿರುವ ಹೆಸರು, ಚಾಲನಾ ಪರವಾನಗಿಯ ಅಥವಾ ಸಾಮಾಜಿಕ ಭದ್ರತೆಯ ದಾಖಲೆಯಲ್ಲಿರುವ ಹೆಸರಿನೊಂದಿಗೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಒಂದು ಅಡ್ಡಗೆರೆ ಬಿಟ್ಟರೂ ಅರ್ಜಿ ಬಾಕಿ. 2018ರ ಅಕ್ಟೋಬರಿನಲ್ಲಿ ಹೀಗೆ ಬಾಕಿಯಿದ್ದ ಅರ್ಜಿಗಳು ಸುಮಾರು 53 ಸಾವಿರ ಎಂದೂ, ಅವುಗಳಲ್ಲಿ ಹತ್ತಕ್ಕೆ ಏಳರಷ್ಟು ಕಪ್ಪು ಜನರವು ಎಂದೂ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿತು. ಬಾಕಿಯಿದ್ದವರು ಗುರುತಿನ ಚೀಟಿ ತಂದರೆ ಮತ ಹಾಕಬಹುದು ಎಂದು ಕಚೇರಿ ಹೇಳಿತು, ಅದೂ ನಿಜವೇ. ಆದರೆ ‘ನಿಮ್ಮ ಅರ್ಜಿ ಬಾಕಿಯಿದೆ’ ಎಂಬ ಕಾಗದ ಕೈಗೆ ಬಂದವರಲ್ಲಿ ಎಷ್ಟು ಜನ ಮತಗಟ್ಟೆಗೆ ಬರುವ ಧೈರ್ಯ ಮಾಡುತ್ತಾರೆ, ಯೋಚಿಸಿ.

ನಮ್ಮವರಿಗೂ ಇದು ತಟ್ಟುವ ಸಂಗತಿ. ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾ, ಜಾನ್ಸ್ ಕ್ರೀಕ್, ಕಮಿಂಗ್ ಊರುಗಳಲ್ಲಿ ಸಾಕಷ್ಟು ಕನ್ನಡ ಮನೆಗಳಿವೆ. ನಮ್ಮ ಹೆಸರುಗಳ ಪಾಡು ನಿಮಗೆ ಗೊತ್ತು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಮುಂದಿದ್ದದ್ದು ಪರವಾನಗಿಯಲ್ಲಿ ಹಿಂದೆ. ಮದುವೆಯಾದ ಮೇಲೆ ಇನ್ನೊಂದು ರೂಪ. ಅದಕ್ಕಿಂತ ಗಂಭೀರವಾದದ್ದು ಪೌರತ್ವದ ಗುರುತು. ವೀಸಾ ಮೇಲೆ ಹೋದಾಗ ಡ್ರೈವಿಂಗ್ ಲೈಸೆನ್ಸ್ ಮಾಡಿಸುತ್ತಾರೆ, ಆ ದಾಖಲೆಯಲ್ಲಿ ‘ಪ್ರಜೆಯಲ್ಲ’ ಎಂದಿರುತ್ತದೆ. ವರ್ಷಗಳ ಮೇಲೆ ಪೌರತ್ವ ಸಿಗುತ್ತದೆ, ಪ್ರಮಾಣ ಸ್ವೀಕರಿಸಿ ಮತದಾರರಾಗಿ ಅರ್ಜಿ ಹಾಕುತ್ತಾರೆ. ಲೈಸೆನ್ಸ್ ದಾಖಲೆ ಮಾತ್ರ ಹಳೆಯದನ್ನೇ ಹೇಳುತ್ತಿರುತ್ತದೆ. 2018ರಲ್ಲಿ ಹೀಗೆ ತಡೆಹಿಡಿಯಲ್ಪಟ್ಟವರು ಸುಮಾರು 3 ಸಾವಿರ. ಪೌರತ್ವದ ಪುರಾವೆ ತೋರಿಸಿದರೆ ಮತಗಟ್ಟೆಯಲ್ಲೇ ಮತ ಹಾಕಲು ಬಿಡಬೇಕು ಎಂದು ಒಕ್ಕೂಟ ನ್ಯಾಯಾಲಯ ಆದೇಶಿಸಿದಾಗ ಮತದಾನಕ್ಕೆ ಕೆಲವೇ ದಿನ ಉಳಿದಿತ್ತು. ಗವರ್ನರ್ ಯಾರಾಗುತ್ತಾರೆ ಎಂದು ಟಿ.ವಿ. ಮುಂದೆ ಕೂತ ಎಷ್ಟು ಮನೆಗಳಿಗೆ, ತಮ್ಮ ಹೆಸರಿನ ಹಣೆಬರಹ ಬೇರೊಂದು ಹುದ್ದೆಯ ಕೈಯಲ್ಲಿದೆ ಎಂದು ತಿಳಿದಿತ್ತೋ!

ಆ ಹುದ್ದೆಗೂ ಅದೇ ದಿನ ಚುನಾವಣೆಯಿತ್ತು. ರಿಪಬ್ಲಿಕನ್ ಅಭ್ಯರ್ಥಿ ಬ್ರ್ಯಾಡ್ ರಾಫೆನ್ಸ್‌ಪರ್ಗರ್, ಜಾನ್ಸ್ ಕ್ರೀಕಿನ ಶಾಸಕ, ಸಿವಿಲ್ ಎಂಜಿನಿಯರ್, ಕಟ್ಟಡ ನಿರ್ಮಾಣದ ಉದ್ಯಮಿ. ಡೆಮಾಕ್ರಟಿಕ್ ಅಭ್ಯರ್ಥಿ ಜಾನ್ ಬ್ಯಾರೋ, ಹತ್ತು ವರ್ಷ ಸಂಸತ್ತಿನಲ್ಲಿದ್ದವರು. ಇಬ್ಬರಿಗೂ ಅರ್ಧದಷ್ಟು ಮತ ಬರಲಿಲ್ಲ. ಒಬ್ಬರಿಗೆ ಶೇ. 49, ಇನ್ನೊಬ್ಬರಿಗೆ ಶೇ. 48ಕ್ಕೂ ಹೆಚ್ಚು, ಉಳಿದ ಶೇ. 2 ಲಿಬರ್ಟೇರಿಯನ್ ಅಭ್ಯರ್ಥಿಗೆ. ಜಾರ್ಜಿಯಾದ ಕಾನೂನಿನಂತೆ ಅರ್ಧ ದಾಟದಿದ್ದರೆ ಮೊದಲ ಇಬ್ಬರಿಗೆ ಮತ್ತೊಂದು ಸುತ್ತು. ಈ ನಿಯಮ ಬಂದದ್ದು 1964ರಲ್ಲಿ. ಒಂದು ಮತಕ್ಕೆ ಒಂದೇ ಬೆಲೆ ಎಂದು 1963ರಲ್ಲಿ ಸುಪ್ರೀಂ ಕೋರ್ಟ್ ಹೇಳಿ, ಹಳ್ಳಿಗಾಡಿನ ಬಿಳಿಯರಿಗೆ ಅನುಕೂಲವಾಗಿದ್ದ ಕೌಂಟಿ ಲೆಕ್ಕದ ಪದ್ಧತಿಯನ್ನು ಮುರಿದ ಬೆನ್ನಿಗೇ. ಅದನ್ನು ಮುಂದೆ ನಿಂತು ತಂದ ಶಾಸಕ ಡೆನ್‌ಮಾರ್ಕ್ ಗ್ರೂವರ್, ತಾನು ವರ್ಣಭೇದದ ಪಕ್ಷಪಾತಿಯಾಗಿದ್ದೆನೆಂದು ಎಷ್ಟೋ ವರ್ಷಗಳ ಮೇಲೆ ತಾನೇ ಹೇಳಿಕೊಂಡರು.

ಮರುಸುತ್ತು ನಡೆದದ್ದು 2018ರ ಡಿಸೆಂಬರ್ 4, ಮಂಗಳವಾರ. ಗವರ್ನರ್ ಹುದ್ದೆ ತೀರ್ಮಾನವಾಗಿ ಹೋಗಿತ್ತು, ದೂರದರ್ಶನದ ಕ್ಯಾಮೆರಾಗಳು ಊರಿಗೆ ಮರಳಿದ್ದವು. ನವೆಂಬರಿನಲ್ಲಿ ಈ ಹುದ್ದೆಗೆ ಸುಮಾರು 39 ಲಕ್ಷ ಜನ ಮತ ಹಾಕಿದ್ದರು. ಡಿಸೆಂಬರಿನಲ್ಲಿ ಬಂದವರು 15 ಲಕ್ಷಕ್ಕೂ ಕಡಿಮೆ. ಇಪ್ಪತ್ತೆಂಟೇ ದಿನದಲ್ಲಿ ಐವರಲ್ಲಿ ಮೂವರು ಮನೆಯಲ್ಲುಳಿದರು. ರಾಫೆನ್ಸ್‌ಪರ್ಗರ್ ಸುಮಾರು ಶೇ. 52 ಮತ ಪಡೆದು ಗೆದ್ದರು. ಅವರನ್ನು ಗೆಲ್ಲಿಸಿ ಎಂದು ಟ್ವೀಟ್ ಮಾಡಿದ್ದವರಲ್ಲಿ ಆಗಿನ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕೂಡ ಒಬ್ಬರು. ಪಟ್ಟಿ ಶುಚಿಯಾಗಿಡುತ್ತೇನೆ, ಪ್ರಜೆಗಳಷ್ಟೇ ಮತ ಹಾಕುವಂತೆ ನೋಡಿಕೊಳ್ಳುತ್ತೇನೆ ಎಂಬುದು ರಾಫೆನ್ಸ್‌ಪರ್ಗರ್ ಅವರ ಪ್ರಚಾರದ ಮಾತು, ಕೆಂಪ್ ಅವರ ದಾರಿಯದ್ದೇ. ಹಾಗೆಯೇ 2019ರ ಕೊನೆಗೆ ಅವರ ಕಚೇರಿಯೂ 3 ಲಕ್ಷದ ಹತ್ತಿರದಷ್ಟು ಹೆಸರು ತೆಗೆಯಿತು. ತಪ್ಪಾಗಿ ಹೋಗಿದ್ದ 22 ಸಾವಿರ ಹೆಸರುಗಳನ್ನು ಆಮೇಲೆ ಮರಳಿ ಸೇರಿಸಬೇಕಾಯಿತು. ರಾಫೆನ್ಸ್‌ಪರ್ಗರ್ ಅವರನ್ನು ಮುಂದಿನ ಘಟನೆಯಿಂದಷ್ಟೇ ಬಲ್ಲವರು ಇದನ್ನೂ ನೆನಪಿಟ್ಟುಕೊಳ್ಳಬೇಕು.

ಆದರೆ ಆ ಡಿಸೆಂಬರ್ ಚುನಾವಣೆಯಲ್ಲಿ ಇನ್ನೊಂದು ಚರ್ಚೆ ನಡೆದಿತ್ತು, ಯಾರೂ ಅಷ್ಟಾಗಿ ಕಿವಿಗೊಡದ ಚರ್ಚೆ. ಅದು ಕಾಗದದ ಬಗ್ಗೆ. 2002ರಿಂದ ಜಾರ್ಜಿಯಾದಲ್ಲಿ ಕಾಗದವಿಲ್ಲದ ಟಚ್‌ಸ್ಕ್ರೀನ್ ಯಂತ್ರಗಳಿದ್ದವು. ಇಡೀ ರಾಜ್ಯಕ್ಕೆ ಒಂದೇ ಬಗೆಯ ಯಂತ್ರ ತಂದ ಮೊದಲ ರಾಜ್ಯವೆಂಬ ಹೆಗ್ಗಳಿಕೆಯೂ ಇತ್ತು. ಮತದಾರ ಒತ್ತಿದ್ದೇನು, ಯಂತ್ರ ಬರೆದುಕೊಂಡದ್ದೇನು ಎಂದು ತಾಳೆ ನೋಡುವ ದಾರಿ ಇರಲಿಲ್ಲ. ಕೆಲವು ನಾಗರಿಕರು 2017ರಲ್ಲಿ ಕೋರ್ಟಿಗೆ ಹೋದರು. ಕೈಯಿಂದ ಗುರುತು ಹಾಕುವ ಮತಪತ್ರ ಬೇಕು ಎಂದು ಬ್ಯಾರೋ ವಾದಿಸಿದರೆ, ಯಂತ್ರದಲ್ಲಿ ಆರಿಸಿ ಕಾಗದ ಮುದ್ರಿಸುವ ಪದ್ಧತಿ ಸಾಕು ಎಂಬುದು ರಾಫೆನ್ಸ್‌ಪರ್ಗರ್ ನಿಲುವು. ಯಾವುದಾದರೊಂದು ಕಾಗದ ಬೇಕು ಎಂಬಲ್ಲಿ ಇಬ್ಬರೂ ಒಂದೇ. 2019ರಲ್ಲಿ ಕಾನೂನು ಬಂತು. ಆ ವರ್ಷದ ನಂತರ ಹಳೆಯ ಯಂತ್ರ ಬಳಸಕೂಡದು ಎಂದು ನ್ಯಾಯಾಧೀಶೆ ಏಮಿ ಟೋಟನ್‌ಬರ್ಗ್ ಆದೇಶಿಸಿದರು. 2020ರ ಚುನಾವಣೆ ಹೊಸ ಯಂತ್ರಗಳಲ್ಲಿ, ಕಾಗದದೊಂದಿಗೆ ನಡೆಯಿತು.

ಆಮೇಲಿನದು ನಿಮಗೆ ಗೊತ್ತಿರುವುದೇ. ಅಧ್ಯಕ್ಷೀಯ ಚುನಾವಣೆಯಲ್ಲಿ, ಜಾರ್ಜಿಯಾದಲ್ಲಿ, ಟ್ರಂಪ್ ಎದುರು ಜೋ ಬೈಡನ್ ಸುಮಾರು 14 ಸಾವಿರ ಮತಗಳಿಂದ ಮುಂದಿದ್ದರು. ರಾಫೆನ್ಸ್‌ಪರ್ಗರ್ ಇಡೀ ರಾಜ್ಯದ ಅಧ್ಯಕ್ಷೀಯ ಮತಗಳ ಕೈಎಣಿಕೆಗೆ ಆದೇಶಿಸಿದರು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 159 ಕೌಂಟಿಗಳು, ಸುಮಾರು 50 ಲಕ್ಷ ಮತಪತ್ರಗಳು, ಒಂದು ವಾರದೊಳಗೆ. ಪ್ರತಿ ಮೇಜಿಗೆ ಇಬ್ಬರು. ಒಬ್ಬರು ಮತಪತ್ರ ಎತ್ತಿಕೊಂಡು ಅದರಲ್ಲಿರುವ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಪಕ್ಕದವರ ಕೈಗೆ ಕೊಡುತ್ತಾರೆ. ಪಕ್ಕದವರು ಕಣ್ಣಾರೆ ನೋಡಿ ಮತ್ತೆ ಹೆಸರು ಹೇಳಿ ಅದರದರ ರಾಶಿಗೆ ಹಾಕುತ್ತಾರೆ. ಆಮೇಲೆ ರಾಶಿಗಳನ್ನು ಎಣಿಸುತ್ತಾರೆ. ಸುತ್ತ ಎರಡೂ ಪಕ್ಷದ ವೀಕ್ಷಕರು. ಫ್ಲಾಯ್ಡ್ ಕೌಂಟಿಯಲ್ಲಿ ಮೊದಲು ಲೆಕ್ಕಕ್ಕೇ ಸೇರದಿದ್ದ ಎರಡೂವರೆ ಸಾವಿರಕ್ಕೂ ಹೆಚ್ಚು ಮತಪತ್ರಗಳು ಸಿಕ್ಕವು. ಬೇರೆ ಕೌಂಟಿಗಳಲ್ಲೂ ಬಿಟ್ಟುಹೋಗಿದ್ದವು ಹೊರಬಂದವು. ಅವು ಹೆಚ್ಚಾಗಿ ಟ್ರಂಪ್ ಅವರಿಗೇ ಬಿದ್ದಿದ್ದ ಮತಗಳು, ಅಂತರ ಅಷ್ಟು ಕಡಿಮೆಯಾಯಿತು. ಯಾರೂ ಅವನ್ನು ಬಚ್ಚಿಡಲಿಲ್ಲ. ನಂತರ ಯಂತ್ರದಲ್ಲಿ ಮರುಎಣಿಕೆಯೂ ಆಗಿ ಅಂತರ 11,779ಕ್ಕೆ ನಿಂತಿತು.

ನಮ್ಮಲ್ಲಿ ಅನೇಕರು ಚುನಾವಣಾ ಕರ್ತವ್ಯ ಮಾಡಿದವರೇ. ನಾನೂ ಪಿ.ಆರ್.ಒ., ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಆಗಿ ಕೆಲಸ ಮಾಡಿದ್ದೇನೆ. ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ ಪಡೆದು, ಬೆಳಗ್ಗೆ ಏಜೆಂಟರ ಮುಂದೆ ಅಣಕು ಮತದಾನ ಮಾಡಿ ತೋರಿಸಿ, ಸಂಜೆ 17ಸಿ ಫಾರಂ ತುಂಬಿ ಪ್ರತಿಯೊಬ್ಬ ಏಜೆಂಟರ ಕೈಗೂ ಒಂದೊಂದು ಪ್ರತಿ ಕೊಡುವುದು. ಆ ಪ್ರತಿ ಕೊಡುವಾಗ ನನ್ನ ಪ್ರಾಮಾಣಿಕತೆಯನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಲೆಕ್ಕ ಅವರ ಜೇಬಿನಲ್ಲಿತ್ತು. ಜಾರ್ಜಿಯಾದ ಆ ಮೇಜುಗಳ ಬಗ್ಗೆ ಓದಿದಾಗ ನನಗೆ ಗೌರವ ಮೂಡಿದ್ದು ಈ ಕಾರಣಕ್ಕೆ.

2021ರ ಜನವರಿ 2ರಂದು ಟ್ರಂಪ್ ರಾಫೆನ್ಸ್‌ಪರ್ಗರ್ ಅವರಿಗೆ ದೂರವಾಣಿ ಮಾಡಿ, ಸುಮಾರು ಒಂದು ಗಂಟೆ ಮಾತಾಡಿ, ತನಗೆ 11,780 ಮತ ಹುಡುಕಿಕೊಡಬೇಕೆಂದು ಕೇಳಿದರು. ನಿಮ್ಮ ಅಂಕಿಅಂಶ ತಪ್ಪು ಎಂದು ರಾಫೆನ್ಸ್‌ಪರ್ಗರ್ ಹೇಳಿದರು. ತಾನು ಮತ ಹಾಕಿದ್ದ ಅಧ್ಯಕ್ಷನಿಗೆ ಆ ಮಾತು ಹೇಳುವುದಕ್ಕೆ ಎದೆಗಾರಿಕೆ ಬೇಕು. ಅವರಿಗೂ ಅವರ ಹೆಂಡತಿಗೂ ಬೆದರಿಕೆಗಳು ಬಂದವು. ಫುಲ್ಟನ್ ಕೌಂಟಿಯಲ್ಲಿ ಎಣಿಕೆಯ ಕೆಲಸ ಮಾಡಿದ್ದ ತಾಯಿ ಮಗಳಿಬ್ಬರು ಸುಳ್ಳು ಆರೋಪಕ್ಕೆ ಸಿಕ್ಕಿ ಅನುಭವಿಸಿದ್ದು ಅದಕ್ಕಿಂತ ಹೆಚ್ಚು. ಆದರೂ ಈ ಕತೆಯನ್ನು ಒಬ್ಬ ಧೀರನ ಕತೆಯಾಗಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಇದೇ ಫೋನ್ ಕರೆ 2018ರ ಚುನಾವಣೆಯ ಮೇಲೆ ಬಂದಿದ್ದರೆ? ಅಧಿಕಾರಿ ಅಷ್ಟೇ ಪ್ರಾಮಾಣಿಕರಾಗಿದ್ದರೂ ಎತ್ತಿ ತೋರಿಸಲು ಒಂದು ಹಾಳೆಯೂ ಇರುತ್ತಿರಲಿಲ್ಲ. ಯಂತ್ರ ಹೀಗೆ ಹೇಳುತ್ತಿದೆ, ನಂಬಿ ಎನ್ನಬೇಕಾಗುತ್ತಿತ್ತು. ಅವರ ಬೆನ್ನಿಗೆ ನಿಂತದ್ದು 50 ಲಕ್ಷ ಕಾಗದಗಳು. ಅವನ್ನು ತಂದುಕೊಟ್ಟವರು ಕೋರ್ಟಿಗೆ ಹೋದ ನಾಗರಿಕರು, ಆದೇಶ ಬರೆದ ನ್ಯಾಯಾಧೀಶೆ. ಇನ್ನೊಂದು ಮಾತು. 2018ರಲ್ಲಿ ತಾನೇ ಆಟವಾಡಿ ತಾನೇ ತೀರ್ಪುಗಾರನಾಗಿದ್ದ ಕೆಂಪ್, 2020ರಲ್ಲಿ ಗವರ್ನರ್ ಆಗಿ ಅದೇ ಒತ್ತಡಕ್ಕೆ ಮಣಿಯಲಿಲ್ಲ. ಮನುಷ್ಯ ಯಾವಾಗ ಹೇಗೆ ನಡೆದುಕೊಳ್ಳುತ್ತಾನೆಂದು ಮೊದಲೇ ಹೇಳುವುದು ಕಷ್ಟ. ವ್ಯವಸ್ಥೆಯನ್ನು ಆ ಊಹೆಯ ಮೇಲೆ ನಿಲ್ಲಿಸುವಂತಿಲ್ಲ.

ಹಾಗಾದರೆ ಇಂಥ ಹುದ್ದೆಗೆ ಚುನಾವಣೆ ಬೇಕೇ? ಬೇಡ ಎನ್ನುವುದಕ್ಕೆ ಉದಾಹರಣೆಗಳು ಕೈಗೆಟುಕುವಂತಿವೆ. 2000ದಲ್ಲಿ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ 537 ಮತಗಳಿಂದ ಗೆದ್ದರೆಂದು ಪ್ರಮಾಣೀಕರಿಸಿದ ರಾಜ್ಯ ಕಾರ್ಯದರ್ಶಿ ಕ್ಯಾಥರೀನ್ ಹ್ಯಾರಿಸ್, ಆ ರಾಜ್ಯದಲ್ಲಿ ಬುಷ್ ಪ್ರಚಾರದ ಸಹ ಅಧ್ಯಕ್ಷೆಯಾಗಿದ್ದರು. 2004ರಲ್ಲಿ ಒಹಾಯೋದ ಕೆನ್ ಬ್ಲ್ಯಾಕ್‌ವೆಲ್ ಅವರದೂ ಅದೇ ಜೋಡಿ ಪಾತ್ರ. ಮತದಾರರ ನೋಂದಣಿ ಅರ್ಜಿ ಇಷ್ಟೇ ದಪ್ಪದ ಕಾಗದದಲ್ಲಿರಬೇಕು ಎಂದು ಅವರು ಆದೇಶ ಹೊರಡಿಸಿ, ಗದ್ದಲವಾದ ಮೇಲೆ ಹಿಂದೆ ಸರಿದರು. ಆದರೆ ಮಿನೆಸೋಟಾದ ಮಾರ್ಕ್ ರಿಚೀ ಕೂಡ ಪಕ್ಷದಿಂದ ಗೆದ್ದವರೇ. 2008ರ ಸೆನೆಟ್ ಚುನಾವಣೆಯ ಮರುಎಣಿಕೆ ಅವರ ಪಾಲಿಗೆ ಬಂದಾಗ, ನ್ಯಾಯಾಧೀಶರನ್ನೂ ಸೇರಿಸಿಕೊಂಡ ಮಂಡಳಿ ವಿವಾದದ ಮತಪತ್ರಗಳನ್ನು ಒಂದೊಂದಾಗಿ ಎಲ್ಲರೆದುರು ಎತ್ತಿಹಿಡಿದು ತೀರ್ಮಾನಿಸಿತು. ಕೊನೆಗೆ ಅಂತರ 312. ಸೋತವರಿಗೆ ದುಃಖವಿತ್ತು, ಆದರೆ ಕಣ್ಣಿಗೆ ಕಾಣದ್ದು ಏನೂ ಇರಲಿಲ್ಲ.

ನೇಮಕವೇ ಒಳ್ಳೆಯದು ಎನ್ನುವುದಕ್ಕೆ ಮೊದಲು ಜಾರ್ಜಿಯಾದ ಮುಂದಿನ ಅಧ್ಯಾಯ ನೋಡಿ. ಚುನಾಯಿತರಾದ್ದರಿಂದ ರಾಫೆನ್ಸ್‌ಪರ್ಗರ್ ಅವರನ್ನು ಸುಲಭವಾಗಿ ತೆಗೆಯುವಂತಿರಲಿಲ್ಲ. ಅದಕ್ಕೆ 2021ರ ಮಾರ್ಚಿನಲ್ಲಿ ಶಾಸನಸಭೆ ಕಾನೂನು ಮಾಡಿ ರಾಜ್ಯ ಚುನಾವಣಾ ಮಂಡಳಿಯ ಅಧ್ಯಕ್ಷತೆಯನ್ನು ಅವರಿಂದ ಕಿತ್ತುಕೊಂಡಿತು. ನೇಮಕದವರೇ ತುಂಬಿದ ಆ ಮಂಡಳಿ 2024ರ ಸೆಪ್ಟೆಂಬರಿನಲ್ಲಿ, ಅಧ್ಯಕ್ಷೀಯ ಚುನಾವಣೆ ಹೊಸ್ತಿಲಲ್ಲಿರುವಾಗ, ಹೊಸ ಹೊಸ ನಿಯಮಗಳನ್ನು ಹೇರಹೋಯಿತು. ಇಷ್ಟು ತಡವಾಗಿ ನಿಯಮ ಬದಲಿಸಬೇಡಿ ಎಂದವರು ಚುನಾಯಿತ ರಾಜ್ಯ ಕಾರ್ಯದರ್ಶಿ, ತಡೆದದ್ದು ನ್ಯಾಯಾಲಯ. 2021ರ ಅದೇ ಕಾನೂನು, ಯಾವ ಮತದಾರನಾದರೂ ಎಷ್ಟು ಹೆಸರುಗಳ ಮೇಲಾದರೂ ಆಕ್ಷೇಪ ಸಲ್ಲಿಸಬಹುದು ಎಂದಿತು. 2022ರಲ್ಲಿ ಗ್ವಿನೆಟ್ ಕೌಂಟಿಯೊಂದರಲ್ಲೇ ಹತ್ತಾರು ಸಾವಿರ ಹೆಸರುಗಳ ಮೇಲೆ ಆಕ್ಷೇಪ ಬಂತು. 1946ರ ಅಚ್ಚು ಹಾಕಿದ ಫಾರಂಗಳು ಈಗ ಕಂಪ್ಯೂಟರ್ ಪಟ್ಟಿಯಾಗಿ ಬಂದಿದ್ದವು.

ನಮ್ಮ ಸಂವಿಧಾನ ರಚನಾ ಸಭೆ ಇದೇ ಪ್ರಶ್ನೆಯನ್ನು 1949ರ ಜೂನ್ 15 ಮತ್ತು 16ರಂದು ಚರ್ಚಿಸಿತು. ಮೊದಲ ಕರಡಿನಲ್ಲಿ ಪ್ರಾಂತಗಳಿಗೆ ಪ್ರತ್ಯೇಕ ಚುನಾವಣಾ ಆಯೋಗಗಳಿದ್ದವು. ಅಂಬೇಡ್ಕರ್ ಅದನ್ನು ಬದಲಿಸಿ ಒಂದೇ ಆಯೋಗ ಎಂದರು. ಕೆಲವು ಪ್ರಾಂತಗಳಲ್ಲಿ ಜನಾಂಗ, ಸಂಸ್ಕೃತಿ, ಭಾಷೆಯಲ್ಲಿ ಬೇರೆಯಾದವರನ್ನು ಮತದಾರರ ಪಟ್ಟಿಯಿಂದ ಹೊರಗಿಡುವ ಪ್ರಯತ್ನ ನಡೆದಿದೆಯೆಂದು ದೂರುಗಳು ಬಂದಿವೆ ಎಂಬುದು ಅವರು ಕೊಟ್ಟ ಕಾರಣ. ಅಂದರೆ ಅವರ ಕಣ್ಣು ಎಣಿಕೆಯ ಮೇಲಿರಲಿಲ್ಲ, ಪಟ್ಟಿಯ ಮೇಲಿತ್ತು. ಆಯುಕ್ತರ ನೇಮಕಕ್ಕೆ ಸಂಸತ್ತಿನ ಮೂರನೇ ಎರಡರಷ್ಟು ಒಪ್ಪಿಗೆ ಬೇಕೆಂದು ಶಿಬ್ಬನ್ ಲಾಲ್ ಸಕ್ಸೇನಾ ಒತ್ತಾಯಿಸಿದರು. ಅನರ್ಹನೊಬ್ಬ ನೇಮಕಗೊಂಡರೆ ತಡೆಯುವ ಉಪಾಯ ತನ್ನ ಕರಡಿನಲ್ಲಿಲ್ಲ ಎಂದು ಅಂಬೇಡ್ಕರ್ ಒಪ್ಪಿಕೊಂಡರು. 2023ರ ಕಾನೂನು ಆಯ್ಕೆ ಸಮಿತಿಯಲ್ಲಿ ಪ್ರಧಾನಿ, ಅವರೇ ಹೆಸರಿಸುವ ಒಬ್ಬ ಸಚಿವರು, ವಿರೋಧ ಪಕ್ಷದ ನಾಯಕರನ್ನು ಇಟ್ಟಿದೆ. ಮೂವರಲ್ಲಿ ಇಬ್ಬರು ಸರ್ಕಾರದವರೇ ಇರುವ ಸಮಿತಿ ಆ ಕೊರತೆಯನ್ನು ತುಂಬಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಆಯೋಗ ನೇಮಿಸುವ ಐಎಎಸ್ ಅಧಿಕಾರಿ. ಅವರು ಮತ ಕೇಳಬೇಕಿಲ್ಲ, ಅದು ಒಳ್ಳೆಯದೇ. ಆದರೆ ಪಟ್ಟಿಯ ಮೇಲಿನ ಕೈಗಳು ಇಲ್ಲೂ ಇವೆ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಬಿಎಲ್‌ಒಗಳು, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿಗಳು, ಹೋಗಿ ವಿಚಾರಿಸಿದಾಗ ಸರಿಯಿದ್ದವು 24. ಹೆಸರುಗಳು ಉಳಿದದ್ದು ಯಾರೋ ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ. ಇನ್ನು ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದರೂ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ರಾಜ್ಯ ಚುನಾವಣಾ ಆಯೋಗದ ಕೈಯಲ್ಲಿದ್ದ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಶಾಸನಸಭೆ ಹಿಂದಕ್ಕೆ ಪಡೆದದ್ದು ಹೇಗೆ ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದೆವು?

2022ರಲ್ಲಿ ಅಮೆರಿಕದ ಮತದಾರರು ರಾಜ್ಯ ಕಾರ್ಯದರ್ಶಿ ಎಂಬ ಈ ಸಣ್ಣ ಹುದ್ದೆಯ ಕಡೆ ತಿರುಗಿ ನೋಡಿದರು. 2020ರ ಫಲಿತಾಂಶವನ್ನು ಒಪ್ಪದವರು ಹಲವು ರಾಜ್ಯಗಳಲ್ಲಿ ಚುನಾವಣೆ ನಡೆಸುವ ಹುದ್ದೆಗೇ ನಿಂತಿದ್ದರು. ಅರಿಜೋನಾದಲ್ಲಿ ಮಾರ್ಕ್ ಫಿಂಚೆಮ್, ನೆವಾಡಾದಲ್ಲಿ ಜಿಮ್ ಮರ್ಚಂಟ್, ಮಿಷಿಗನ್‌ನಲ್ಲಿ ಕ್ರಿಸ್ಟಿನಾ ಕರಾಮೊ ಸೋತರು. ನೆವಾಡಾದಲ್ಲಿ ಅಂತರ ಶೇ. 2ರ ಆಸುಪಾಸು. ಜಾರ್ಜಿಯಾದಲ್ಲಿ ಟ್ರಂಪ್ ಬೆಂಬಲ ಪಡೆದ ಸಂಸದ ಜೋಡಿ ಹೈಸ್ ಪಕ್ಷದ ಪ್ರೈಮರಿಯಲ್ಲೇ ರಾಫೆನ್ಸ್‌ಪರ್ಗರ್ ಎದುರು ನಿಂತರು. ರಾಫೆನ್ಸ್‌ಪರ್ಗರ್ ಶೇ. 52 ಪಡೆದು ಮರುಸುತ್ತಿಲ್ಲದೆ ಗೆದ್ದರು, ನವೆಂಬರಿನಲ್ಲೂ ಗೆದ್ದರು. ಜನ ನೋಡಿದಾಗ ಈ ಚುನಾವಣೆಗೆ ಅರ್ಥ ಬರುತ್ತದೆ. ನೋಡದಿದ್ದಾಗ, 2018ರ ಡಿಸೆಂಬರಿನಂತೆ, ಐವರಲ್ಲಿ ಮೂವರು ಮನೆಯಲ್ಲಿರುವಾಗ, ಅದೃಷ್ಟ.

2025ರಲ್ಲಿ ರಾಫೆನ್ಸ್‌ಪರ್ಗರ್ ಕೂಡ ಗವರ್ನರ್ ಹುದ್ದೆಯತ್ತ ಹೊರಟರು. ಹಾಗಾಗಿ 2026ರ ನವೆಂಬರಿನಲ್ಲಿ ಆ ಕುರ್ಚಿಗೆ ಹೊಸಬರ ಆಯ್ಕೆ. ಮತಪತ್ರದ ಮೇಲಿನ ಕ್ಯೂಆರ್ ಸಂಕೇತದಿಂದ ಯಂತ್ರ ಎಣಿಸುವುದನ್ನು ನಿಲ್ಲಿಸಬೇಕು, ಮತದಾರ ಓದಲಾಗುವ ಅಕ್ಷರದಿಂದಲೇ ಎಣಿಸಬೇಕು ಎಂದು 2024ರ ಕಾನೂನು 2026ರ ಜುಲೈ 1ರ ಗಡುವು ಹಾಕಿತು. ಯಂತ್ರ ಬದಲಿಸಲು ಬೇಕಾದ ಹಣವನ್ನು ಜೊತೆಗೆ ಕೊಡಲಿಲ್ಲ. ಈ ಸಭೆಯಲ್ಲಿ ಆ ಕಡೆ ಮಕ್ಕಳು, ಮೊಮ್ಮಕ್ಕಳು ಇರುವವರು ಖಂಡಿತ ಇದ್ದೀರಿ. ಪೌರತ್ವ ಪಡೆದವರಾದರೆ ಅವರಿಗೆ ಫೋನ್ ಮಾಡಿದಾಗ ಎರಡು ಮಾತು ಹೇಳಿ. ರಾಜ್ಯ ಕಾರ್ಯದರ್ಶಿಯ ಜಾಲತಾಣದಲ್ಲಿ ‘ಮೈ ವೋಟರ್ ಪೇಜ್’ ತೆರೆದು, ತಮ್ಮ ಹೆಸರು ಲೈಸೆನ್ಸಿನಲ್ಲಿರುವ ಹಾಗೆಯೇ ಇದೆಯೇ, ಚಾಲ್ತಿಯಲ್ಲಿದೆಯೇ ಎಂದು ಚುನಾವಣೆಗೆ ಸಾಕಷ್ಟು ಮೊದಲೇ ನೋಡಿಕೊಳ್ಳಲಿ. ಲೈಸೆನ್ಸಿನ ದಾಖಲೆಯಲ್ಲಿ ಹಳೆಯ ವೀಸಾ ಗುರುತು ಉಳಿದಿದ್ದರೆ ಈಗಲೇ ತಿದ್ದಿಸಿಕೊಳ್ಳಲಿ.